ಹದಿನೇಳು ಮೆಟ್ಟಿಲು

ಕೆಳಗೆ ನನ್ನ ಟಯರ್ ಅಂಗಡಿ, ಮೇಲೆ ಒತಿಲಿಯಾ ಚೊಕ್.
ನಡುವೆ ಹದಿನೇಳು ಮೆಟ್ಟಿಲು, ಮರದವು.
ಒಂಬತ್ತನೆಯದು ಸಡಿಲ.
ಹತ್ತುವವರು ಅಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ,
ಹಲಗೆಗೆ ಹೆದರಿಯೋ, ಬಂದ ಕೆಲಸಕ್ಕೋ.
ಟ್ಯೂಬು ನೀರಿಗೆ ಅದ್ದಿ ಗುಳ್ಳೆ ಹುಡುಕುತ್ತ
ನಾನು ಕಿವಿಯಲ್ಲೇ ಲೆಕ್ಕ ಇಡುತ್ತೇನೆ.

ಕೊಬಾನಿನಲ್ಲಿ ಮಳೆ ಸುರಿಯುವುದಿಲ್ಲ,
ಯಾರೋ ಜರಡಿ ಹಿಡಿದಂತೆ ಉದುರುತ್ತದೆ.
ಚಿಪಿ-ಚಿಪಿ ಅನ್ನುತ್ತೇವೆ ಅದಕ್ಕೆ.
ಅದರಲ್ಲಿ ನೆನೆದುಕೊಂಡು ಬೆಟ್ಟದಾಚೆಯಿಂದ
ಎರಡು ಬಸ್ಸು ಬದಲಿಸಿ ಬರುತ್ತಾರೆ ಹೆಂಗಸರು,
ಬಟ್ಟೆಗಂಟಿನಲ್ಲಿ ಮೆಕ್ಕೆಜೋಳದ ರೊಟ್ಟಿ.
ಫೋಟೋ ಇಲ್ಲ.
ಮನೆಯ ಜೊತೆಗೇ ಸುಟ್ಟಿತು.
ಅಥವಾ, ತೆಗೆಸಲೇ ಇಲ್ಲವಮ್ಮ,
ಮದುವೆಗೆ ತೆಗೆಸಿದರಾಯಿತು ಅಂದುಕೊಂಡಿದ್ದೆವು.

ಒತಿಲಿಯಾ ಮೊದಲೇ ಮುಖ ಕೇಳುವುದಿಲ್ಲ.
ಕಾಫಿ ಊದಿ ಕುಡಿಯುತ್ತಿದ್ದನೇ?
ಸಿಟ್ಟು ಬಂದರೆ ಯಾವ ಹುಬ್ಬು ಏರುತ್ತಿತ್ತು?
ಟೋಪಿ ಅಪ್ಪನದ್ದೇ? ಹಾಗಾದರೆ ಕಿವಿ ಮಡಚುತ್ತಿತ್ತು ಬಿಡಿ.
ಊದುವ ತುಟಿ, ಏರಿದ ಹುಬ್ಬು, ಮಡಚಿದ ಕಿವಿ
ಒಂದೊಂದಾಗಿ ಬಂದು ಕಾಗದದ ಮೇಲೆ ಕೂರುತ್ತವೆ.
ಕಪ್ಪನ್ನು ಅವಳು ಕೊಳ್ಳುವುದಿಲ್ಲ.
ನನ್ನ ಹಳೆ ಟಯರಿನ ತುಂಡು ಹೊತ್ತಿಸಿ,
ಮೇಲೆ ಡಬ್ಬಿ ಹಿಡಿದು, ಮಸಿ ಕೆರೆದು ಒಯ್ಯುತ್ತಾಳೆ.
‘ಈ ಮಸಿಗೆ ನಮ್ಮ ರಸ್ತೆಗಳೆಲ್ಲ ಗೊತ್ತು.’

ಹಿಂಬದಿಗೆ ಬರವಣಿಗೆ. ಅವರು ಆಡಿದ್ದು ಆಡಿದ ಹಾಗೆ,
ಮೊದಲು ಕೆಕ್ಚಿಯಲ್ಲಿ,
ಆಮೇಲೆ ಕೋರ್ಟಿಗೆಂದು ಸ್ಪ್ಯಾನಿಷಿನಲ್ಲಿ.
ಅತ್ತರೆ ಒಂದು ಗೆರೆ.
ಸುಮ್ಮನಾದರೆ ಖಾಲಿ ಜಾಗ,
ಎಷ್ಟು ಹೊತ್ತೋ ಅಷ್ಟು ಅಗಲ.

ಎರಡು ಸಲ ಯಾರೋ ರಾತ್ರಿ ಬಂದು
ಬಾಗಿಲು ತಪ್ಪಿ ನನ್ನ ಷಟರಿನ ಮೇಲೆ
ಅವಳಿಗೆ ಬೆದರಿಕೆ ಬರೆದು ಹೋದರು, ಕೆಂಪು ಬಣ್ಣದಲ್ಲಿ.
ಅವಳು ಇಳಿದು ಬಂದಳು, ಓದಿದಳು,
ಕಾಗುಣಿತ ತಿದ್ದಿ ಮೇಲೆ ಹೋದಳು.

ಈಸ್ಟರಿಗೆ ಮುಂಚಿನ ಬುಧವಾರ ಒಬ್ಬ ಬಂದ.
ಅರವತ್ತು ದಾಟಿದ ಮನುಷ್ಯ, ಒಬ್ಬನೇ.
ಒಂಬತ್ತರಲ್ಲಿ ನಿಲ್ಲಲಿಲ್ಲ.
ಎಡ, ಬಲ, ಎಡ:
ಮಂಡಿ ಸೋತಿತ್ತು, ಹೆಜ್ಜೆ ಕವಾಯತು ಮರೆತಿರಲಿಲ್ಲ.
ನಾನು ಸ್ಪ್ಯಾನರ್ ಹಿಡಿದು ಮೆಟ್ಟಿಲ ಬುಡಕ್ಕೆ ಬಂದೆ.
ಮೇಲಿನ ಹಲಗೆ ತೆಳು, ಎಲ್ಲ ಕೇಳುತ್ತದೆ.

‘ನನ್ನ ಹತ್ತಿರ ಒಂದು ಮುಖ ಇದೆ. ಹೆಸರು ಗೊತ್ತಿಲ್ಲ.
ಇಳಿಸಿಕೊಳ್ಳಿ.’

ಕುರ್ಚಿ ಎಳೆದ ಸದ್ದು.
ಆಮೇಲೆ ಅದೇ ದನಿ, ತಾಯಂದಿರಿಗೆ ಕೇಳುವ ದನಿ:
‘ಕಾಫಿ ಊದಿ ಕುಡಿಯುತ್ತಿದ್ದನೇ?’

ನನ್ನ ಬೋಗುಣಿಯಲ್ಲಿ ಗುಳ್ಳೆಗಳು ಎದ್ದು ಎದ್ದು ಮುಗಿದವು.

‘ನೀರು ಕೇಳಿದ್ದ’ ಎಂದ. ‘ನನಗೆ ಗೊತ್ತಿರುವುದು ಅಷ್ಟೇ.’

ಇಳಿಯುವಾಗ ನನ್ನ ಕೈಯ ಸ್ಪ್ಯಾನರ್ ನೋಡಿದ.
ದಾರಿ ಬಿಡು ಅನ್ನಲಿಲ್ಲ. ನಾನೇ ಸರಿದೆ.
ಯಾಕೆ ಸರಿದೆ ಎಂದು
ನಟ್ಟು ಬಿಗಿಯುವಾಗೆಲ್ಲ ಯೋಚಿಸುತ್ತೇನೆ.

ಆ ಚಿತ್ರ ಈಗ ಕಿಟಕಿಯ ಪಕ್ಕ ಇದೆಯಂತೆ.
ಹಿಂಬದಿ ಪೂರ್ತಿ ಖಾಲಿ, ನಡುವೆ ಒಂದೇ ಮಾತು.
ಬಂದ ಹೆಂಗಸರೆಲ್ಲ ಮೊದಲು ಅದರ ಎದುರು ನಿಲ್ಲುತ್ತಾರಂತೆ,
ತಲೆಯಾಡಿಸಿ ಈಚೆ ಬರುತ್ತಾರಂತೆ.
ಎಲ್ಲ ಅಂತೆಯೇ. ನಾನು ನೋಡಿಲ್ಲ.

ನನಗೂ ಒಬ್ಬ ಅಣ್ಣ ಇದ್ದ, ಸೆವೆರೊ.
ಹತ್ತೊಂಬತ್ತಕ್ಕೆ ಏಲಕ್ಕಿ ಮೂಟೆ ಹೊತ್ತು ಸಂತೆಗೆ ಹೋದ.
ಈಗ ಅವನು ನನಗಿಂತ ಮೂವತ್ತು ವರ್ಷ ಚಿಕ್ಕವನು.
ಹನ್ನೊಂದು ವರ್ಷದಿಂದ ಅವಳ ಕೆಳಗೇ ಕೂತಿದ್ದೇನೆ,
ಈ ಹೆಸರನ್ನು ಮೇಲೆ ಒಯ್ದಿಲ್ಲ.
ಅವನು ಕಾಫಿ ಕುಡಿಯುತ್ತಿರಲಿಲ್ಲ.
ನೀರು ಮಾತ್ರ, ಎರಡೂ ಕೈಯಲ್ಲಿ ಸೋರೆಬುರುಡೆ ಹಿಡಿದು,
ಕಣ್ಣು ಮುಚ್ಚಿ.

‘ಬೆನೆದಿಕ್ತೊ’ ಎಂದು ಕೂಗುತ್ತಾಳೆ ಮೇಲಿನಿಂದ,
‘ಆ ಮೆಟ್ಟಿಲಿಗೆ ಒಂದು ಮೊಳೆ ಹೊಡೆಯುವುದು ಯಾವಾಗ?’
ನಾಳೆ, ದೋನ್ಯಾ ಒತಿಲಿಯಾ.
ಸುತ್ತಿಗೆ ಇದೆ, ಮೊಳೆ ಇದೆ, ಬಿಡುವೂ ಇದೆ.
ಎಂಟನೆಯದರವರೆಗೆ ಹೋಗಿ ಬಂದಿದ್ದೇನೆ,
ಬಹಳ ಸಲ.